ಕಣ್ಣಿನ ಪೂರ್ತಿ ತಪಾಸಣೆ: ಪವರ್ ನೋಡಿದ ಮೇಲೆ ಇನ್ನೇನು ನೋಡುತ್ತಾರೆ?

ಪ್ರಶ್ನೆ: ನನಗೆ 46 ವರ್ಷ. ಆರು ವರ್ಷದಿಂದ ಶುಗರ್ ಇದೆ, ಮಾತ್ರೆಯಲ್ಲೇ ನಡೆಯುತ್ತಿದೆ. ಇಷ್ಟು ದಿನ ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರ್ ಚೆಕಪ್ ಮಾಡಿಸಿ ಕನ್ನಡಕ ಬದಲಾಯಿಸಿಕೊಳ್ಳುತ್ತಿದ್ದೆ. ಈಗ ಡಾಕ್ಟರು ಕಣ್ಣಿನ ಪೂರ್ತಿ ತಪಾಸಣೆ ಮಾಡಿಸಿ ಅಂದಿದ್ದಾರೆ. ಅಲ್ಲಿ ಏನೇನು ನೋಡುತ್ತಾರೆ? ಎಷ್ಟು ಹೊತ್ತು ಹಿಡಿಯುತ್ತದೆ? ಡ್ರಾಪ್ಸ್ ಹಾಕಿದ ಮೇಲೆ ಗಾಡಿ ಓಡಿಸಬಹುದಾ?

ಆಪ್ಟೋಮೆಟ್ರಿಸ್ಟ್ (ಕಣ್ಣಿನ ಪವರ್ ಪರೀಕ್ಷಿಸುವವರು): ಎರಡು ಗಂಟೆ ಬಿಡುವು ಮಾಡಿಕೊಂಡು ಹೋಗಿ ಸರ್. ಅದರಲ್ಲಿ ಸುಮಾರು ಅರ್ಧ ಗಂಟೆ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂರುವುದೇ ಆಗುತ್ತದೆ. ಗಾಡಿ ಬೇಡ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಈಗ ಹಾಕುತ್ತಿರುವ ಕನ್ನಡಕ (ದೂರದ್ದು, ಓದುವುದು ಬೇರೆಬೇರೆ ಇದ್ದರೆ ಎರಡೂ), ಹಳೆಯ ಚೀಟಿ, ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಇತ್ತೀಚಿನ ಶುಗರ್ ರಿಪೋರ್ಟ್ ಕೈಯಲ್ಲಿರಲಿ. ತಂಪು ಕನ್ನಡಕ ಮರೆಯಬೇಡಿ.

ಮೊದಲು ಅಕ್ಷರದ ಚಾರ್ಟ್. ಒಂದೊಂದೇ ಕಣ್ಣು ಮುಚ್ಚಿಸಿ ಓದಿಸುತ್ತಾರೆ. 6/18 ಎಂದು ಬರೆದರೆ, ಸರಿಯಾಗಿರುವ ಕಣ್ಣು 18 ಮೀಟರ್ ದೂರದಿಂದ ಓದುವ ಸಾಲನ್ನು ನೀವು 6 ಮೀಟರಿಗೆ ಬಂದರಷ್ಟೇ ಓದುತ್ತೀರಿ ಎಂದರ್ಥ. ಇಲ್ಲಿ ಪರೀಕ್ಷೆ ಪಾಸಾಗಬೇಕೆಂಬ ಹಟ ಬೇಡ. ಬೆರಳಿನ ಸಂದಿಯಿಂದ ಇಣುಕುವುದು, ಕಣ್ಣು ಕಿರಿದು ಮಾಡಿ ನೋಡುವುದು ಮಾಡಿದರೆ ಲೆಕ್ಕ ತಪ್ಪುತ್ತದೆ. ಸಾಲು ಕಾಣದಿದ್ದರೆ ಸೂಜಿತೂತಿನಷ್ಟು ಸಣ್ಣ ರಂಧ್ರವಿರುವ ತಟ್ಟೆಯನ್ನು ಕಣ್ಣಿಗೆ ಹಿಡಿದು ಮತ್ತೆ ಓದಿಸುತ್ತಾರೆ. ಆ ತೂತಿನಿಂದ ಸಾಲು ಸ್ಪಷ್ಟವಾದರೆ ಹೆಚ್ಚಾಗಿ ಕನ್ನಡಕದಿಂದ ಸರಿಹೋಗುವ ದೋಷ. ಸ್ಪಷ್ಟವಾಗದಿದ್ದರೆ ಕಣ್ಣಿನೊಳಗೆ ಬೇರೇನೋ ಇದೆ, ಹುಡುಕಬೇಕು. ಎರಡು ರೂಪಾಯಿಯ ತಟ್ಟೆಯಂತೆ ಕಾಣುವ ಈ ಉಪಕರಣ ಹೇಳುವಷ್ಟನ್ನು ದೊಡ್ಡ ಯಂತ್ರಗಳೂ ಒಮ್ಮೊಮ್ಮೆ ಹೇಳುವುದಿಲ್ಲ.

ಇನ್ನು ನಿಮ್ಮ ಕಂಪ್ಯೂಟರ್ ಚೆಕಪ್. ಅದು ಕೊಡುವ ನಂಬರ್ ಲೆಕ್ಕಕ್ಕೆ ಆರಂಭ ಮಾತ್ರ, ಅದನ್ನೇ ಚೀಟಿಗೆ ಇಳಿಸುವಂತಿಲ್ಲ. ಯಂತ್ರದೊಳಗಿನ ಚಿತ್ರ ನೋಡುವಾಗ ಕಣ್ಣು ಹತ್ತಿರದ್ದನ್ನು ನೋಡುವಂತೆ ಬಿಗಿಹಿಡಿದರೆ ಮೈನಸ್ ಜಾಸ್ತಿ ತೋರಿಸುತ್ತದೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಇದು ತೀರಾ ಸಾಮಾನ್ಯ. ಅದಕ್ಕೇ ಆಮೇಲೆ ಟ್ರಯಲ್ ಫ್ರೇಮ್ ಹಾಕಿ, ಗಾಜು ಬದಲಿಸುತ್ತಾ "ಮೊದಲನೆಯದು ಚೆನ್ನಾಗಿತ್ತಾ, ಎರಡನೆಯದಾ?" ಎಂದು ಕೇಳುವುದು. "ಎರಡೂ ಒಂದೇ ಥರ" ಅನ್ನಿಸಿದರೆ ಹಾಗೇ ಹೇಳಿ. ಸಿಲಿಂಡರ್ (ಕಣ್ಣಿನ ಓರೆ ದೋಷ ಸರಿಪಡಿಸುವ ಪವರ್) ನೋಡುವಾಗ ನಾವು ಕಾಯುವುದೇ ಆ ಉತ್ತರಕ್ಕೆ. ಕೆಂಪು-ಹಸಿರು ಹಿನ್ನೆಲೆಯ ಅಕ್ಷರಗಳಲ್ಲಿ ಹಸಿರಿನದು ಹೆಚ್ಚು ಸ್ಪಷ್ಟವಾಗಿದ್ದರೆ ಮೈನಸ್ ಜಾಸ್ತಿಯಾಗಿದೆ, ಇಳಿಸಬೇಕು. ಅಕ್ಷರ ಚಿಕ್ಕದಾಗಿ, ಕಡುಗಪ್ಪಾಗಿ ಕಂಡರೆ ಅದೂ ಹೇಳಿ. ಚೆನ್ನಾಗಿ ಕಾಣುತ್ತಿದೆ ಅನ್ನಿಸಿದರೂ ಅದು ಮೈನಸ್ ಹೆಚ್ಚಾದ ಗುರುತಿರಬಹುದು.

ನಿಮ್ಮ ವಯಸ್ಸಿಗೆ ಚಾಳೀಸಿನ ಪವರ್ ಬೇರೆಯಾಗಿ ನೋಡುತ್ತಾರೆ. ನೀವು ಪುಸ್ತಕ, ಕಂಪ್ಯೂಟರ್ ಎಷ್ಟು ದೂರದಲ್ಲಿಟ್ಟುಕೊಳ್ಳುತ್ತೀರಿ ಎಂದು ಮನೆಯಲ್ಲೇ ಅಳೆದುಕೊಂಡು ಹೋಗಿ. 40 ಸೆಂಟಿಮೀಟರಿಗೆ ಕೊಟ್ಟ ಪವರ್ 65 ಸೆಂಟಿಮೀಟರ್ ದೂರದ ಪರದೆಗೆ ಹೊಂದುವುದಿಲ್ಲ. ಮತ್ತೆ, ಶುಗರ್ ಏರಿಳಿತ ಆಗುತ್ತಿರುವಾಗ ಕನ್ನಡಕ ಮಾಡಿಸಬೇಡಿ. ಕಣ್ಣಿನೊಳಗಿನ ಲೆನ್ಸ್ ನೀರು ಹೀರಿ ಪವರೇ ಬದಲಾಗಿರುತ್ತದೆ. ಕೆಲವು ವಾರ ಶುಗರ್ ಒಂದು ಹದಕ್ಕೆ ಬಂದು ನಿಂತ ಮೇಲೆ ತೆಗೆದ ನಂಬರ್ ನಂಬಿಕೆಗೆ ಅರ್ಹ.

ನೇತ್ರವೈದ್ಯೆ: ಮೇಲಿನದೆಲ್ಲ ಪವರಿನ ಮಾತು. ನಿಮ್ಮ ಡಾಕ್ಟರು ಕಳಿಸಿರುವುದು ಮುಖ್ಯವಾಗಿ ರೆಟಿನಾ (ಕಣ್ಣಿನ ಹಿಂಭಾಗದ ಒಳಪರದೆ) ನೋಡಲಿ ಎಂದು. ಟೈಪ್ 2 ಸಕ್ಕರೆ ಕಾಯಿಲೆಯಾದರೆ ಪತ್ತೆಯಾದ ಕೂಡಲೇ ಮೊದಲ ರೆಟಿನಾ ತಪಾಸಣೆ ಆಗಬೇಕು, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ರಕ್ತನಾಳಗಳು ಸೋರಲು ಶುರುವಾದ ಮೇಲೂ 6/6 ಓದುವವರು ಇದ್ದಾರೆ. ಕಣ್ಣು ಚೆನ್ನಾಗಿ ಕಾಣುತ್ತಿದೆ ಎಂಬ ಕಾರಣಕ್ಕೆ ಇನ್ನು ಮುಂದೂಡಬೇಡಿ.

ಡ್ರಾಪ್ಸ್ ಹಾಕುವ ಮೊದಲು ಮುಗಿಯಬೇಕಾದವು ಕೆಲವಿವೆ. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹೊರಳಿಸುತ್ತಾ ಪಾಪೆ ಹೇಗೆ ಕುಗ್ಗುತ್ತದೆ ನೋಡುತ್ತೇವೆ. ಬೆಳಕು ಬಿದ್ದಾಗ ಕುಗ್ಗುವ ಬದಲು ಅರಳಿದರೆ ಆ ಕಣ್ಣಿನ ನರದ ಮೇಲೆ ಅನುಮಾನ. ಪಾಪೆ ಅರಳಿಸಿಬಿಟ್ಟರೆ ಈ ಪರೀಕ್ಷೆಗೆ ಅರ್ಥವಿಲ್ಲ. ಹಾಗೆಯೇ ಸ್ಲಿಟ್ ಲ್ಯಾಂಪಿನಲ್ಲಿ (ಬೆಳಕಿರುವ ಸೂಕ್ಷ್ಮದರ್ಶಕ) ಗಲ್ಲ ಇಟ್ಟು ಕೂರಿಸಿ ರೆಪ್ಪೆ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ), ಕಣ್ಣಿನ ಮುಂಭಾಗದ ಕೋನ (ಒಳಗಿನ ದ್ರವ ಹೊರಹೋಗುವ ದಾರಿ) ಇಕ್ಕಟ್ಟಾಗಿದೆಯೇ ಎಂದೂ ನೋಡಬೇಕು. ಕೋನ ಕಿರಿದಾಗಿರುವವರಿಗೆ ಪಾಪೆ ಅರಳಿಸಿದರೆ ಕಣ್ಣಿನೊಳಗಿನ ಒತ್ತಡ ಏಕಾಏಕಿ ಏರಬಹುದು.

ಒತ್ತಡ ಅಳೆಯುವುದು ಗಾಳಿ ಊದುವ ಯಂತ್ರದಿಂದ, ಅಥವಾ ಮರಗಟ್ಟಿಸುವ ಡ್ರಾಪ್ಸ್ ಮತ್ತು ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ. ಎರಡನೆಯದೇ ಹೆಚ್ಚು ನಂಬಿಕೆಯದು. ಪಾದರಸದ 10ರಿಂದ 21 ಮಿಲಿಮೀಟರ್ ಸಾಮಾನ್ಯ. ಉಸಿರು ಬಿಗಿಹಿಡಿದರೆ, ಕಣ್ಣು ಗಟ್ಟಿಯಾಗಿ ಹಿಂಡಿದರೆ, ಕುತ್ತಿಗೆಯ ಗುಂಡಿ ಬಿಗಿಯಾಗಿದ್ದರೆ ಜಾಸ್ತಿ ಬರುತ್ತದೆ. ಕಾರ್ನಿಯಾ ದಪ್ಪವಿದ್ದರೂ ಜಾಸ್ತಿ, ತೆಳುವಿದ್ದರೆ ಕಡಿಮೆ ತೋರಿಸುತ್ತದೆ. ಒತ್ತಡ ಸಾಮಾನ್ಯವಿದ್ದೂ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇರಬಹುದು, ಆದ್ದರಿಂದ ನರವನ್ನು ನೋಡದೆ ಈ ಅಂಕಿ ಒಂದನ್ನೇ ಹಿಡಿದು "ಏನೂ ಇಲ್ಲ" ಎನ್ನುವಂತಿಲ್ಲ. ಮರಗಟ್ಟಿದ ಕಣ್ಣನ್ನು ಅರ್ಧ ಗಂಟೆ ಉಜ್ಜಬೇಡಿ. ಗೀರು ಬಿದ್ದರೂ ಆಗ ಗೊತ್ತಾಗುವುದಿಲ್ಲ.

ಆಮೇಲೆ ಪಾಪೆ ಅರಳಿಸುವ ಡ್ರಾಪ್ಸ್. ಅರ್ಧ ನಿಮಿಷ ಚುರುಗುಟ್ಟುತ್ತದೆ. ಅರಳಲು 20ರಿಂದ 30 ನಿಮಿಷ ಬೇಕು. ಕಡುಕಂದು ಕಣ್ಣಿನವರಿಗೆ, ಬಹಳ ವರ್ಷದಿಂದ ಶುಗರ್ ಇರುವವರಿಗೆ ನಿಧಾನ, ಎರಡು ಮೂರು ಸಲ ಹಾಕಬೇಕಾಗುತ್ತದೆ. ಪಾಪೆ ಪೂರ್ತಿ ಅರಳದೆ ಅವಸರದಲ್ಲಿ ನೋಡಿ ಕಳಿಸಿದರೆ ರೆಟಿನಾದ ಅಂಚು ತಪ್ಪಿಹೋಗುತ್ತದೆ. ಸಾಮಾನ್ಯವಾಗಿ 4ರಿಂದ 6 ಗಂಟೆ ಹತ್ತಿರದ್ದು ಮಬ್ಬು, ಬೆಳಕು ಕಣ್ಣಿಗೆ ಚುಚ್ಚುತ್ತದೆ. ಅಷ್ಟು ಹೊತ್ತು ಓದುವುದು, ಸಹಿ ಹಾಕುವುದು ಇಟ್ಟುಕೊಳ್ಳಬೇಡಿ. ಮನೆಗೆ ಹೋದ ಮೇಲೆ ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಬೆಳಗಾಗಲಿ ಎಂದು ಕಾಯದೆ ತಕ್ಷಣ ಬನ್ನಿ.

ಪ್ರಶ್ನಿಸಿದವರು: ಧನ್ಯವಾದ ಮೇಡಂ. ಡ್ರಾಪ್ಸ್ ಇಲ್ಲದೆ ರೆಟಿನಾದ ಫೋಟೋ ತೆಗೆಯುವ ಯಂತ್ರ ಇದೆಯಂತಲ್ಲ, ಅದು ಸಾಲದೆ?

ನೇತ್ರವೈದ್ಯೆ: ಜನರನ್ನು ಸಾಲಾಗಿ ನಿಲ್ಲಿಸಿ ಸ್ಕ್ರೀನಿಂಗ್ ಮಾಡಲು ಅದು ಒಳ್ಳೆಯ ಸಾಧನ. ಆದರೆ ಮಾಮೂಲಿ ಕ್ಯಾಮೆರಾ ಹಿಡಿಯುವುದು ನಡುಭಾಗವನ್ನು. ಅಂಚಿನಲ್ಲಿ ತೂತೋ ಹರುಕೋ ಇದ್ದರೆ ಅದರಲ್ಲಿ ಬೀಳುವುದಿಲ್ಲ. ಪಾಪೆ ಸಣ್ಣದಿದ್ದರೆ, ಪೊರೆ ಶುರುವಾಗಿದ್ದರೆ ಫೋಟೋವೇ ಮಸುಕು. ಆರು ವರ್ಷದಲ್ಲಿ ಇದು ಮೊದಲ ಸಲವಾದ್ದರಿಂದ ಪಾಪೆ ಅರಳಿಸಿಯೇ ನೋಡಿಸಿ. ಆಗಲೇ ತೆಗೆದ ಫೋಟೋದ ಪ್ರತಿ ಇಟ್ಟುಕೊಂಡರೆ ಮುಂದಿನ ವರ್ಷ ಪಕ್ಕಪಕ್ಕ ಇಟ್ಟು ಹೋಲಿಸಬಹುದು.

ಇನ್ನೊಬ್ಬರು: ನಮ್ಮ ತಂದೆಯವರಿಗೆ 68, ಬಿಪಿ ಇದೆ, ಹೃದಯದ ಮಾತ್ರೆಯೂ ಇದೆ. ಅವರಿಗೂ ಇದೇ ಡ್ರಾಪ್ಸಾ?

ನೇತ್ರವೈದ್ಯೆ: ಡ್ರಾಪ್ಸ್ ಹಾಕುವವರಿಗೆ ಇದನ್ನು ಮೊದಲೇ ಹೇಳಿ. ಅರಳಿಸುವ ಕೆಲವು ಡ್ರಾಪ್ಸಿನಲ್ಲಿ ಫಿನೈಲೆಫ್ರಿನ್ ಇರುತ್ತದೆ, ಅದು ಬಿಪಿ ಏರಿಸಬಹುದು. ಅಂಥವರಿಗೆ ಟ್ರೋಪಿಕಮೈಡ್ ಒಂದನ್ನೇ ಹಾಕಿಯೂ ಕೆಲಸ ಆಗುತ್ತದೆ. ಹಾಕಿದ ಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿದರೆ ಔಷಧಿ ಮೂಗಿಗಿಳಿದು ರಕ್ತ ಸೇರುವುದು ಕಡಿಮೆಯಾಗುತ್ತದೆ. ಆ ದಿನದ ಬಿಪಿ ಮಾತ್ರೆ ತಪ್ಪಿಸುವುದು ಬೇಡ.

ಮತ್ತೊಬ್ಬರು: ಮಗಳಿಗೆ 5 ವರ್ಷ, ಅಕ್ಷರ ಓದಲು ಬರುವುದಿಲ್ಲ. ಅವಳನ್ನು ಹೇಗೆ ಪರೀಕ್ಷಿಸುತ್ತಾರೆ?

ಆಪ್ಟೋಮೆಟ್ರಿಸ್ಟ್: ಚಿತ್ರದ ಚಾರ್ಟ್, ಇಲ್ಲವೇ E ಆಕಾರವನ್ನು ಬೇರೆಬೇರೆ ಕಡೆಗೆ ತಿರುಗಿಸಿಟ್ಟು "ಇದರ ಕಾಲು ಯಾವ ಕಡೆಗಿದೆ ತೋರಿಸು" ಅನ್ನುವ ಚಾರ್ಟ್ ಇದೆ. ಪವರನ್ನಂತೂ ಮಗು ಒಂದು ಮಾತಾಡದಿದ್ದರೂ ರೆಟಿನೋಸ್ಕೋಪ್ ಬೆಳಕಿನಿಂದ ಅಳೆಯಬಹುದು, ಆದರೆ ಕಣ್ಣಿನ ಬಿಗಿ ಸಡಿಲಿಸುವ ಔಷಧಿ ಹಾಕಿದ ಮೇಲೆಯೇ. ಅಟ್ರೋಪಿನ್ ಕೊಟ್ಟರೆ ಒಂದೆರಡು ವಾರ ಪಾಪೆ ಅರಳಿಯೇ ಇರಬಹುದು, ಗಾಬರಿ ಬೇಡ. ಮುಖ ಕೆಂಪೇರಿ ಜ್ವರ ಬಂದರೆ ಔಷಧಿ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ಒಂದು ಕಣ್ಣಿಗೆ ಮಾತ್ರ ಪವರ್ ಹೆಚ್ಚಿದ್ದರೆ ಮಗು ಇನ್ನೊಂದರಲ್ಲೇ ಆರಾಮಾಗಿ ಓಡಾಡಿಕೊಂಡಿರುತ್ತದೆ, ಮನೆಯವರಿಗೆ ಸುಳಿವೇ ಸಿಗುವುದಿಲ್ಲ. ಹೀಗೆ ಬಳಕೆಯಿಲ್ಲದೆ ದೃಷ್ಟಿ ಬೆಳೆಯದ ಆ ಸೋಮಾರಿ ಕಣ್ಣಿಗೆ ಚಿಕಿತ್ಸೆ ಏಳೆಂಟು ವರ್ಷದೊಳಗೆ ಶುರುವಾದರೆ ಫಲ ಚೆನ್ನಾಗಿರುತ್ತದೆ.

ಇನ್ನೊಬ್ಬರು: ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಬರಬಹುದಾ?

ಆಪ್ಟೋಮೆಟ್ರಿಸ್ಟ್: ಸಾಫ್ಟ್ ಲೆನ್ಸ್ ಆದರೆ ಹಿಂದಿನ ದಿನವೇ ತೆಗೆದು ಕನ್ನಡಕದಲ್ಲಿ ಬನ್ನಿ, ಲೆನ್ಸ್ ಡಬ್ಬಿ ಜೊತೆಗಿರಲಿ. ಒತ್ತಡ ಅಳೆಯಲು ಹಾಕುವ ಆ ಹಳದಿ ಬಣ್ಣ ಸಾಫ್ಟ್ ಲೆನ್ಸಿಗೆ ಹತ್ತಿದರೆ ಬಿಡುವುದಿಲ್ಲ. ಗಟ್ಟಿ ಲೆನ್ಸ್ ಕಾರ್ನಿಯಾದ ಆಕಾರವನ್ನೇ ಬದಲಿಸಿರುತ್ತದೆ, ಎಷ್ಟು ದಿನ ಬಿಡಬೇಕೆಂದು ಮೊದಲೇ ಕೇಳಿಕೊಳ್ಳಿ.

ಪ್ರಶ್ನಿಸಿದವರು: ಕೊನೆಯದೊಂದು ಸರ್. ಕಳೆದ ಸಲ ಹೊಸ ಕನ್ನಡಕ ಹಾಕಿದಾಗ ನೆಲ ಓರೆಯಾದಂತೆ ಕಾಣುತ್ತಿತ್ತು. ಈ ಸಲವೂ ಹಾಗಾದರೆ?

ಆಪ್ಟೋಮೆಟ್ರಿಸ್ಟ್: ಸಿಲಿಂಡರ್ ಅಥವಾ ಅದರ ಆಕ್ಸಿಸ್ (ಅದನ್ನು ಕೂರಿಸುವ ಕೋನ) ಬದಲಾದಾಗ ಹಾಗಾಗುತ್ತದೆ, ಒಂದೆರಡು ವಾರದಲ್ಲಿ ಒಗ್ಗುತ್ತದೆ. ಒಗ್ಗದಿದ್ದರೆ ತಕ್ಷಣ ಇನ್ನೊಂದು ಚೀಟಿ ಬರೆಸಬೇಡಿ. ಮೊದಲು ಅಂಗಡಿಯಲ್ಲಿ ಗಾಜನ್ನು ಲೆನ್ಸೋಮೀಟರಿಗೆ (ಗಾಜಿನ ಪವರ್ ಅಳೆಯುವ ಯಂತ್ರ) ಹಾಕಿಸಿ, ಚೀಟಿಯಲ್ಲಿರುವ ನಂಬರೇ ಬಂದಿದೆಯಾ ನೋಡಿ. 90 ಇರಬೇಕಾದ ಆಕ್ಸಿಸ್ 80ಕ್ಕೆ ಕೂತಿರಬಹುದು, ಇಲ್ಲವೇ ಗಾಜಿನ ಮಧ್ಯ ನಿಮ್ಮ ಪಾಪೆಯ ನೇರಕ್ಕೆ ಬಂದಿಲ್ಲದಿರಬಹುದು. ಎರಡು ಪಾಪೆಗಳ ನಡುವಿನ ಅಂತರವನ್ನು, ಅಂದರೆ ಪಿಡಿಯನ್ನು, ತಪಾಸಣೆಯ ದಿನವೇ ಅಳೆದು ಚೀಟಿಯಲ್ಲಿ ಬರೆದುಕೊಡಲು ಕೇಳಿ. ಹೆಚ್ಚಿನ ಚೀಟಿಗಳಲ್ಲಿ ಖಾಲಿ ಬಿಟ್ಟಿರುವ ಜಾಗ ಅದೇ.