ಪಂದಿಕರಿ, ಕಡಂಬುಟ್ಟಿನ ಜೊತೆ ಯಾವ ವೈನ್?

ಪ್ರಶ್ನೆ: ಶನಿವಾರ ರಾತ್ರಿ ಊಟಕ್ಕೆ ಆರು ಜನ ಇರ್ತೀವಿ. ಕೊಡಗಿನ ಪಂದಿಕರಿ (ಹಂದಿಮಾಂಸದ ಕರಿ), ಕಡಂಬುಟ್ಟು (ಅಕ್ಕಿತರಿ ಉಂಡೆ). ಕ್ಯಾಬರ್ನೆ ರೆಡ್ ವೈನ್ ಸರಿಹೋಗುತ್ತಾ? ಎಷ್ಟು ಬಾಟಲಿ ಬೇಕು?

ಉತ್ತರ 1: ಕ್ಯಾಬರ್ನೆ ಬೇಡ. ಅದರ ಒಗರು ಕಾಳುಮೆಣಸಿನ ಖಾರಕ್ಕೆ ಸೇರಿದ್ರೆ ಬಾಯಿ ಇನ್ನೂ ಉರಿಯುತ್ತೆ, ಕಹಿಯೂ ಅನ್ಸುತ್ತೆ. ಪಂದಿಕರಿಗೆ ಕಾಚಂಪುಳಿ (ಕೊಡಗಿನ ಹುಳಿ ರಸ) ಹಾಕಿದ ಮೇಲೆ ವೈನಲ್ಲೂ ಹುಳಿ ಇರ್ಲೇಬೇಕು, ಇಲ್ಲಾಂದ್ರೆ ನೀರು ಕುಡಿದ ಹಾಗೆ ಸಪ್ಪೆ. ತುಸು ಸಿಹಿ ಇರೋ ಶೆನಿನ್ ಬ್ಲಾಂಕ್ ಅನ್ನೋ ವೈಟ್ ವೈನ್ ತಗೊಳ್ಳಿ, 8–10 ಡಿಗ್ರಿಗೆ ತಣ್ಣಗೆ ಮಾಡಿ.

ಉತ್ತರ 2: ರೆಡ್ಡೇ ಬೇಕಂದ್ರೆ ಓಕ್ ಮರದ ಪೀಪಾಯಿಯಲ್ಲಿ ಇಡದ ಹಗುರ ಶಿರಾಜ್. ರೆಡ್ ವೈನ್ ಕುಡಿಯೋಕೆ ಹೇಳೋ ‘ರೂಮ್ ಟೆಂಪರೇಚರ್’ ಅಂದ್ರೆ ನಮ್ಮ ಮನೆಯ 28 ಡಿಗ್ರಿ ಅಲ್ಲ ಮಾರಾಯ್ರೆ! ಒಂದು ಗಂಟೆ ಫ್ರಿಜ್ಜಲ್ಲಿಡಿ. ಬೆಚ್ಚಗಿದ್ರೆ ಬರೀ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತೆ.

ಉತ್ತರ 3: 750 ಎಂಎಲ್ ಬಾಟಲಿಗೆ ಐದು ಗ್ಲಾಸ್. ಮೂರು ಬಾಟಲಿ ತನ್ನಿ, ತಲಾ ಎರಡೂವರೆ ಗ್ಲಾಸ್ ಬರುತ್ತೆ.