ಕರೆಂಟ್ ಬಂದ ಮೇಲೆ ಗೇರೆಣ್ಣೆ ರೆಸಿನ್ ಕೆಟಲ್ ಬಿಸಿ ಏರಿದ್ದು ಯಾಕೆ?

ಪ್ರಶ್ನೆ:
ನಮ್ಮದು ಮಂಗಳೂರಿನ ಬೈಕಂಪಾಡಿಯಲ್ಲಿ ಸಣ್ಣ ಘಟಕ. ಗೇರುಬೀಜದ ಸಿಪ್ಪೆಯ ಎಣ್ಣೆಗೆ ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ಕರಗಿದ ನೀರು) ಬಿಟ್ಟು ರಾಳದಂಥ ರೆಸಿನ್ ಮಾಡುತ್ತೇವೆ. 2 ಲೀಟರ್ ಫ್ಲಾಸ್ಕ್‌ನಲ್ಲಿ ಯಾವತ್ತೂ ತೊಂದರೆ ಆಗಿರಲಿಲ್ಲ. ಈಗ 200 ಲೀಟರ್ ಕೆಟಲ್, ಕಲಕಲು ಲಂಗರಿನ ಆಕಾರದ ಆಂಕರ್ ಸ್ಟಿರರ್, ಹೊರಗೆ ತಣಿಸಲು ನೀರಿನ ಜಾಕೆಟ್. ಮೊನ್ನೆ 80 ಡಿಗ್ರಿಯಲ್ಲಿ ಫಾರ್ಮಲಿನ್ ಬಿಡುತ್ತಿದ್ದಾಗ ಕರೆಂಟ್ ಹೋಯಿತು. 12 ನಿಮಿಷ ಬಿಟ್ಟು ಬಂತು. ಸ್ಟಿರರ್ ತಿರುಗಿದ್ದೇ ತಡ, ಬಿಸಿ 98ಕ್ಕೆ ಹೋಗಿ, ನೊರೆ ಕಂಡೆನ್ಸರ್ ಪೈಪಿನವರೆಗೆ ಬಂತು. ಯಾರಿಗೂ ಏನೂ ಆಗಲಿಲ್ಲ, ಆದರೆ ಕೈಕಾಲು ನಡುಗಿತು. ಜಾಕೆಟ್ ನೀರು 31 ಡಿಗ್ರಿ ಇತ್ತು. ನೀರು ತಣಿಸುವ ಚಿಲ್ಲರ್ ಹಾಕಿದರೆ ಸರಿಹೋಗುತ್ತದಾ?

ಉತ್ತರ 1:
ಮೇ ತಿಂಗಳಲ್ಲಿ ನಮ್ಮ ಕಡೆ ಟ್ಯಾಂಕ್ ನೀರು ಬಿಸಿಯೇ ಇರುತ್ತದೆ. ಚಿಲ್ಲರ್ ಇದ್ದರೆ ಒಳ್ಳೆಯದು.

ಉತ್ತರ 2:
ಚಿಲ್ಲರ್‌ಗೆ ದುಡ್ಡು ಹಾಕುವ ಮೊದಲು ಒಂದು ಲೆಕ್ಕ ನೋಡಿ. ಈಗ ಒಳಗಿಗೂ ಜಾಕೆಟ್‌ಗೂ 49 ಡಿಗ್ರಿ ಅಂತರ. ನೀರನ್ನು 15ಕ್ಕೆ ಇಳಿಸಿದರೆ 65. ಅಂದರೆ ಮೂರನೇ ಒಂದು ಭಾಗ ಜಾಸ್ತಿ ಬಿಸಿ ಹೊರಹೋಗುತ್ತದೆ, ಅಷ್ಟೇ. ಫ್ಲಾಸ್ಕ್‌ನಿಂದ ಕೆಟಲ್‌ಗೆ ಬಂದಾಗ ಮಾಲು 100 ಪಟ್ಟು ಆಯಿತು, ತಣಿಸುವ ಗೋಡೆ ಸುಮಾರು 21 ಪಟ್ಟು ಮಾತ್ರ. ಅದೂ ಒಂದು ಕಾರಣ, ಆದರೆ ಆ ದಿನದ ತೊಂದರೆ ಬೇರೆ.

ಕರೆಂಟ್ ಹೋದಾಗ ಫಾರ್ಮಲಿನ್ ನಿಂತಿತ್ತಾ? ಮೇಲಿನ ಟ್ಯಾಂಕಿನಿಂದ ತಾನಾಗಿ ಇಳಿಯುವುದಾದರೆ ನಿಲ್ಲುವುದಿಲ್ಲ ಅಲ್ವಾ? ಫಾರ್ಮಲಿನ್ ಗೇರೆಣ್ಣೆಗಿಂತ ಭಾರ, ಅದರಲ್ಲಿ ಬೆರೆಯುವುದೂ ಇಲ್ಲ. ಕಲಕದಿದ್ದರೆ ಸುಮ್ನೆ ತಳದಲ್ಲಿ ಕೂರುತ್ತದೆ. ಸ್ಟಿರರ್ ಶುರುವಾದಾಗ 12 ನಿಮಿಷದ್ದು ಒಟ್ಟಿಗೆ ಬೆರೆತು, ಒಟ್ಟಿಗೆ ರಿಯಾಕ್ಷನ್ ಆಗಿ ಬಿಸಿ ಬಿಡುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ರಿಯಾಕ್ಷನ್ ವೇಗ ಹೆಚ್ಚುಕಡಿಮೆ ಎರಡು ಪಟ್ಟು, ಆಮೇಲೆ ಯಾವ ಜಾಕೆಟ್ಟೂ ಹಿಡಿಯುವುದಿಲ್ಲ.

ಆಂಕರ್ ಗೋಡೆಯ ಹತ್ತಿರ ಚೆನ್ನಾಗಿ ತಿರುಗುತ್ತದೆ, ಆದರೆ ತಳದ್ದನ್ನು ಮೇಲಕ್ಕೆ ಎತ್ತುವುದಿಲ್ಲ. ಅದರ ಬದಲು ಓರೆ ಎಲೆಯ ಟರ್ಬೈನ್ ಸ್ಟಿರರ್, ಗೋಡೆಗೆ ಬ್ಯಾಫಲ್ (ಮಾಲು ಸುಮ್ನೆ ಸುತ್ತದಂತೆ ತಡೆಯುವ ಉದ್ದ ಪಟ್ಟಿ) ಹಾಕಿಸಿ. ಫಾರ್ಮಲಿನ್ ಪೈಪಿನ ತುದಿ ಎಲೆಯ ಹತ್ತಿರ ಬರಲಿ. ಎಲ್ಲಕ್ಕಿಂತ ಮೊದಲು, ಸ್ಟಿರರ್ ನಿಂತರೆ ತಾನಾಗಿ ಮುಚ್ಚುವ ವಾಲ್ವ್ ಫಾರ್ಮಲಿನ್ ಪೈಪಿಗೆ ಬೇಕು, ಅದೂ ಫ್ಲೇಮ್‌ಪ್ರೂಫ್ (ಅದರ ಕಿಡಿಯಿಂದ ಹೊರಗಿನ ಆವಿಗೆ ಬೆಂಕಿ ಹತ್ತದಂಥದ್ದು) ಇರಲಿ. ಇನ್ನೊಮ್ಮೆ ಹೀಗಾದರೆ ದಯವಿಟ್ಟು ಗಾಬರಿಯಲ್ಲಿ ಸ್ಟಿರರ್ ಸ್ವಿಚ್ ಹಾಕಬೇಡಿ. ಫಾರ್ಮಲಿನ್ ಮುಚ್ಚಿ, ತಣ್ಣೀರು ಪೂರ್ತಿ ಬಿಡಿ, ಬಿಸಿ ಇಳಿಯುವವರೆಗೆ ಕಾಯಿರಿ. ಇಳಿಯದೆ ಏರುತ್ತಿದ್ದರೆ ಎಲ್ಲರೂ ಅಲ್ಲಿಂದ ಹೊರಗೆ ಹೋಗಿ.

ಪ್ರಶ್ನೆ ಕೇಳಿದವರು:
ನೀವು ಹೇಳಿದ್ದು ಸರಿ. ಟ್ಯಾಂಕಿನ ಗೇಜ್ ನೋಡಿದೆ, ಆ ಹೊತ್ತಿನಲ್ಲಿ ಸುಮಾರು 4 ಲೀಟರ್ ಇಳಿದಿತ್ತು. ಮ್ಯಾನ್‌ಹೋಲ್ ತೆಗೆದಾಗ ಗೋಡೆಗೆ ಬೆರಳು ದಪ್ಪ ಕಂದು ಅಂಟು ಕಟ್ಟಿತ್ತು, ಮರದ ಕೋಲಿಗೆ ಬರಲೇ ಇಲ್ಲ. ಅದರ ಮೂಲಕ ಬಿಸಿ ಹೇಗೆ ದಾಟೀತು! ಅಂಟು ತೆಗೆಸಿ, ಟರ್ಬೈನ್ ಹಾಕಿಸಿ, ವಾಲ್ವ್ ಕೂರಿಸಿದೆವು. ಮೊದಲು ಬರೀ ನೀರಿನಲ್ಲಿ ನೋಡಿದೆವು. ಮೇನ್ ಸ್ವಿಚ್ ಇಳಿಸಿದ ಕೂಡಲೇ ಟಪ್ ಅಂತ ವಾಲ್ವ್ ಮುಚ್ಚಿತು, ಹನಿ ನಿಂತಿತು. ನಿನ್ನೆಯ ಬ್ಯಾಚ್ 83 ದಾಟಲಿಲ್ಲ. ಮಧ್ಯೆ ಬೇಕಂತಲೇ ಫಾರ್ಮಲಿನ್ ನಿಲ್ಲಿಸಿದೆ, ಮೂರು ನಿಮಿಷದಲ್ಲಿ ಬಿಸಿ ತೋರಿಸುವ ಮುಳ್ಳು ಕೆಳಗಿಳಿಯತೊಡಗಿತು.