ಮನೇಲಿ ಮಿಕ್ಸ್ ಮಾಡಿದ ಪಾಟ್: ಹೆಡ್‌ಫೋನಲ್ಲಿ ಚೆನ್ನಾಗಿದೆ, ಮೊಬೈಲಲ್ಲಿ ದುಡಿನೇ ಕೇಳಲ್ಲ

ಪಾಟ್‌ಕಾರ_ವಿರಾಜಪೇಟೆ:
ಎಲ್ರಿಗೂ ನಮಸ್ಕಾರ. ಈ ಸಲ ಪುತ್ತರಿಗೆ (ನಮ್ಮ ಕೊಡಗಿನ ಸುಗ್ಗಿ ಹಬ್ಬ) ಯೂಟ್ಯೂಬಲ್ಲಿ ಹಾಕೋಣ ಅಂತ ಮನೆಯವ್ರೇ ಸೇರಿ ಒಂದು ಪಾಟ್ (ಕೊಡವರ ಹಾಡು) ರೆಕಾರ್ಡ್ ಮಾಡಿದೀವಿ. ನಾಲ್ಕು ಜನ ದುಡಿ (ಕೋಲಲ್ಲಿ ಬಾರಿಸೋ ಚಿಕ್ಕ ಚರ್ಮವಾದ್ಯ) ಬಾರಿಸ್ಕೊಂಡೇ ಹಾಡೋದು, ಇಬ್ರು ಒಂದು ಸಾಲು ಹೇಳಿದ್ರೆ ಇನ್ನಿಬ್ರು ಅದನ್ನೇ ತಿರುಗಿ ಹೇಳೋದು, ಆಮೇಲೆ ನಂದೊಂದು ಗಿಟಾರ್ (ತಾತನಿಗೆ ಗಿಟಾರ್ ಸುತಾರಾಂ ಇಷ್ಟ ಇಲ್ಲ, ಅದು ಬೇರೆ ಮಾತು). ನನ್ನ ಹತ್ರ ಇರೋದು ಎರಡು ಮೈಕ್ ಹಾಕೋ ಇಂಟರ್‌ಫೇಸ್ (ಮೈಕಿನ ಸದ್ದನ್ನ ಕಂಪ್ಯೂಟರಿಗೆ ಕಳ್ಸೋ ಡಬ್ಬಿ), ಅದಕ್ಕೆ ಒಂದು ಮೈಕ್ ಮುಖದ ಎತ್ತರಕ್ಕೆ, ಇನ್ನೊಂದು ಕೆಳಗೆ ದುಡಿ ಹತ್ರ ಇಟ್ಟು ಒಟ್ಟಿಗೇ ತಗೊಂಡ್ವಿ, ಗಿಟಾರ್ ಆಮೇಲೆ ಬೇರೆಯಾಗಿ. ಸಾಫ್ಟ್‌ವೇರ್ ರೀಪರ್. ವಾಯ್ಸ್ ನಡುವೆ, ದುಡಿ ಟ್ರ್ಯಾಕ್ ಪೂರ್ತಿ ಬಲಕ್ಕೆ, ಗಿಟಾರ್ ಎಡಕ್ಕೆ ಇಟ್ಟಿದೀನಿ.

ಹೆಡ್‌ಫೋನಲ್ಲಿ ಕೇಳಿದ್ರೆ ಖುಷಿ ಆಗುತ್ತೆ. ಚಿಕ್ಕಮ್ಮಂಗೆ ಕಳ್ಸಿದ್ರೆ ಅವ್ರು ಮೊಬೈಲಲ್ಲಿ ಕೇಳಿ "ದುಡಿ ಎಲ್ಲಿ ಹೋಯ್ತು" ಅಂತಾರೆ. ಕಾರಲ್ಲಿ ಹಾಕಿದ್ರೆ ಉಲ್ಟಾ, ಗಿಟಾರ್ ಗುಂ ಗುಂ ಅಂತ ಡೋರೇ ಅದುರುತ್ತೆ, ಹಾಡಿನ ಮಾತು ಅರ್ಥ ಆಗಲ್ಲ. ಜೊತೆಗೆ ಕಕ್ಕಡದಲ್ಲಿ (ಜೋರು ಮಳೆಯ ತಿಂಗಳು) ರೆಕಾರ್ಡ್ ಮಾಡಿದ್ದು, ಶೀಟ್ ಮೇಲೆ ಮಳೆ ಸದ್ದು ಹಿಂದೆ ಇದ್ದೇ ಇದೆ. ಯಾವ ಪ್ಲಗಿನ್ (ಸದ್ದು ತಿದ್ದೋ ಟೂಲ್) ಹಾಕ್ಲಿ?

ಸೋಮವಾರಪೇಟೆ_ಬಾಸ್:
ಇಷ್ಟೆಲ್ಲ ತಲೆನೋವು ಯಾಕೆ ಬ್ರೋ, ಫೈಲ್ ತಗೊಂಡು ಮೈಸೂರಲ್ಲಿ ಯಾವ್ದಾದ್ರೂ ಸ್ಟುಡಿಯೋಗೆ ಕೊಡಿ.

ಗೋಣಿಕೊಪ್ಪ_ಸೌಂಡ್:
ಸ್ಟುಡಿಯೋದವ್ರಿಗೂ ಇದೇ ಫೈಲ್ ತಾನೇ ಸಿಗೋದು. ತಮ್ಮಾ, ಪ್ಲಗಿನ್ ಯಾವ್ದೂ ಬೇಡ, ಮೊದ್ಲು ಇರೋದನ್ನೆಲ್ಲ ಬೈಪಾಸ್ (ಆಫ್) ಮಾಡು. ರೀಪರ್‌ನಲ್ಲಿ ಮಾಸ್ಟರ್ ಟ್ರ್ಯಾಕ್ ಮೇಲೆ ಮೋನೋ ಬಟನ್ ಇದೆ (ಎಡ ಬಲ ಎರಡನ್ನೂ ಕೂಡಿಸಿ ಒಂದೇ ಮಾಡುತ್ತೆ, ಮೊಬೈಲಲ್ಲಿ ಆಗೋದೂ ಹೆಚ್ಚುಕಮ್ಮಿ ಅದೇ), ಅದನ್ನ ಒತ್ತಿ ಕೇಳು, ಚಿಕ್ಕಮ್ಮಂಗೆ ಕೇಳಿದ್ದು ನಿಂಗೂ ಕೇಳುತ್ತೆ.

ಎರಡು ಕಾರಣ ಉಂಟು. ಒಂದು, ಪೂರ್ತಿ ಬಲಕ್ಕೆ ತಳ್ಳಿದ್ದು ಮೋನೋ ಆದ ಕೂಡ್ಲೇ ನಡುವೆ ಇರೋದ್ರ ಮುಂದೆ ಸೋತು ಹೋಗುತ್ತೆ. ಎರಡನೇದೇ ದೊಡ್ಡದು, ದುಡಿ ಸದ್ದು ನಿನ್ನ ಎರಡೂ ಮೈಕಿಗೆ ಬಿದ್ದಿದೆ, ಆದ್ರೆ ಒಂದೇ ಸಮಯಕ್ಕೆ ಅಲ್ಲ. ಸದ್ದು ಒಂದು ಮೀಟರ್ ಹೋಗೋಕೆ ಹತ್ತಿರ ಹತ್ತಿರ 3 ಮಿಲಿಸೆಕೆಂಡ್ ತಗೊಳುತ್ತೆ, ಹಾಗಾಗಿ ಮೇಲಿನ ಮೈಕಿಗೆ ಅದೇ ಪೆಟ್ಟು ತಡವಾಗಿ ಬರುತ್ತೆ, ಎರಡನ್ನೂ ಕೂಡಿಸಿದ್ರೆ ಕೆಲವು ಫ್ರೀಕ್ವೆನ್ಸಿ ಒಂದನ್ನೊಂದು ಹೊಡೆದುಹಾಕ್ತವೆ. ಹೆಡ್‌ಫೋನಲ್ಲಿ ದುಡಿ ಟ್ರ್ಯಾಕ್ ಒಂದೇ ಕಿವೀಲಿ ಇರೋದ್ರಿಂದ ಇದು ಅಷ್ಟಾಗಿ ಗೊತ್ತಾಗಲ್ಲ. ಈಗ ಏನ್ಮಾಡು ಅಂದ್ರೆ ಎರಡೂ ಟ್ರ್ಯಾಕ್ ಝೂಮ್ ಮಾಡಿ ಒಂದು ಗಟ್ಟಿ ಪೆಟ್ಟು ಹುಡುಕು, ಒಂದರಲ್ಲಿ ಮುಂಚೆ ಏಳುತ್ತೆ ಇನ್ನೊಂದರಲ್ಲಿ ಆಮೇಲೆ, ದುಡಿ ಟ್ರ್ಯಾಕನ್ನ ಅಷ್ಟೇ ತಡವಾಗೋ ಹಾಗೆ ಸರಿಸಿ ಎರಡೂ ಒಂದೇ ಕಡೆ ಏಳೋ ಹಾಗೆ ಮಾಡು (ಸ್ನ್ಯಾಪ್ ಆಫ್ ಮಾಡ್ಕೋ, ಇಲ್ಲಾಂದ್ರೆ ಅದು ಜಿಗಿತಾ ಇರುತ್ತೆ). ಆಮೇಲೆ ಟ್ರ್ಯಾಕಿನ ಫೇಸ್ (phase, ಸದ್ದಿನ ಅಲೆಯನ್ನ ತಲೆಕೆಳಗು ಮಾಡೋದು) ಬಟನ್ ಒತ್ತಿ ನೋಡು, ಯಾವುದ್ರಲ್ಲಿ ದುಡಿ ದಪ್ಪಗೆ ಕೇಳುತ್ತೋ ಅದೇ ಸರಿ, ಮೀಟರ್ ನೋಡ್ಬೇಡ.

ಕಾರಿನ ಗುಂ ಗುಂ ದುಡಿದಲ್ಲ. ಮೈಕನ್ನ ಗಿಟಾರ್ ತೂತಿನ ಎದುರಿಗೇ ಇಟ್ಟಿದ್ದಿ ಅನ್ಸುತ್ತೆ, ಅಲ್ಲಿ 100 ಹರ್ಟ್ಸ್ ಸುತ್ತಮುತ್ತ ಗಾಳಿ ದಬದಬ ಬರುತ್ತೆ. ರೀಈಕ್ಯೂನಲ್ಲಿ (ReaEQ, ರೀಪರಿನದೇ ಈಕ್ವಲೈಸರ್) ಆ ಜಾಗ 4-5 ಡಿಬಿ ಇಳಿಸು, ವಾಯ್ಸಿಗೆ 80-100 ಹರ್ಟ್ಸ್‌ನ ಕೆಳಗಿನದನ್ನ ಕತ್ತರಿಸೋ ಹೈಪಾಸ್ ಹಾಕು. ಇಷ್ಟಾದ ಮೇಲೆ ಮೋನೋದಲ್ಲೇ, ವಾಲ್ಯೂಮ್ ಮಾತಾಡೋ ಸದ್ದಿಗಿಂತ ಕಮ್ಮಿ ಇಟ್ಟು, ಬರೀ ಫೇಡರಲ್ಲಿ (ಟ್ರ್ಯಾಕಿನ ವಾಲ್ಯೂಮ್ ಕಡ್ಡಿ) ಬ್ಯಾಲೆನ್ಸ್ ಮಾಡು. ನಾಲ್ಕನೇ ಒಂದು ಭಾಗ ಕೆಲ್ಸ ಉಳಿಯುತ್ತೆ ಅಷ್ಟೇ.

ಮಡಿಕೇರಿ_ಮಂಜು:
ಗೋಣಿಕೊಪ್ಪ ಅಣ್ಣ ಹೇಳಿದ್ದು ಸರಿ. ಮಳೆ ವಿಷ್ಯ ನಾನು ಹೇಳ್ತೀನಿ. ರೀಫರ್ (ReaFIR) ಅಂತ ಪ್ಲಗಿನ್ ರೀಪರ್ ಜೊತೇಲೇ ಬರುತ್ತಲ್ಲ, ಅದ್ರಲ್ಲಿ ಸಬ್‌ಟ್ರ್ಯಾಕ್ಟ್ ಮೋಡ್ ಹಾಕಿ ಮಳೆ ಮಾತ್ರ ಇರೋ ಜಾಗದ ಪ್ರೊಫೈಲ್ ತಗೊಂಡು ತೆಗೀಬಹುದು, ಆದ್ರೆ ಅದು ಫ್ಯಾನ್ ಸದ್ದಿಗೆ, ಟೇಪಿನ ಹಿಸ್‌ಗೆ ಸರಿ. ಮಳೆ ಒಂದೇ ಸಮ ಇರಲ್ಲ, ಎಲ್ಲಾ ಫ್ರೀಕ್ವೆನ್ಸಿಲೂ ಇರುತ್ತೆ, ಜಾಸ್ತಿ ಎಳೆದ್ರೆ ಹಾಡೋರು ಬಾವಿಯೊಳಗಿಂದ ಹಾಡಿದ ಹಾಗಿರುತ್ತೆ. 5-6 ಡಿಬಿಗಿಂತ ಜಾಸ್ತಿ ತೆಗೀಬೇಡಿ. ಸಾಲು ಸಾಲಿನ ಮಧ್ಯೆ ಕಟ್ ಮಾಡಿ ಸೈಲೆಂಟ್ ಮಾಡ್ತೀನಿ ಅಂತ ಹೋಗ್ಬೇಡಿ, ಮಳೆ ಬಂದು ನಿಂತು ಬಂದು ನಿಂತು ಅದೇ ಕಿವಿಗೆ ಹೊಡೆಯುತ್ತೆ. ನನ್ ಕೇಳಿದ್ರೆ ಬಿಟ್ಬಿಡಿ, ಕೊಡಗಿನ ಹಾಡಲ್ಲಿ ಮಳೆ ಇದ್ರೆ ಏನಾಯ್ತು.

ಗೋಣಿಕೊಪ್ಪ_ಸೌಂಡ್:
ಬೇರೆ ಹಾಡಾಗಿದ್ರೆ ಒಪ್ಕೋತಿದ್ದೆ ಮಂಜು. ಪುತ್ತರಿ ಅಂದ್ರೆ ಕದ್ರ್ (ಭತ್ತದ ತೆನೆ) ತೆಗೆಯೋ ಹೊತ್ತು, ನವೆಂಬರ್-ಡಿಸೆಂಬರ್ ಚಳಿ. ಅದ್ರ ಹಿಂದೆ ಕಕ್ಕಡದ ಮಳೆ ಸುರೀತಿದ್ರೆ ನಮ್ಮೋರಿಗೆ ತಕ್ಷಣ ಗೊತ್ತಾಗುತ್ತೆ.

ತಮ್ಮಾ, ಇನ್ನೂ ಟೈಮ್ ಇದೆಯಲ್ಲ, ಮಳೆ ಬಿಟ್ಟ ಮೇಲೆ ಇನ್ನೊಂದ್ಸಲ ತಗೊಂಡ್ಬಿಡು. ಆಗ ದುಡಿಗೆ ಬೇರೆ ಮೈಕ್ ಬೇಡ್ವೇ ಬೇಡ, ಇಬ್ಬಿಬ್ರಿಗೆ ಒಂದೊಂದು ಮೈಕ್ ಕೊಡು, ಬಾಯಿಗೂ ದುಡಿಗೂ ನಡುವಿನ ಎತ್ತರಕ್ಕೆ. ಹಾಡೋರಿಂದ ಮೈಕ್ ಎಷ್ಟು ದೂರವೋ ಅದರ ಮೂರು ಪಟ್ಟು ದೂರ ಎರಡು ಮೈಕಿನ ಮಧ್ಯೆ ಇರ್ಲಿ, ಫೇಸ್ ಗೋಳು ತುಂಬಾ ಕಮ್ಮಿ ಆಗುತ್ತೆ. ಮಿಕ್ಸಲ್ಲಿ ಹೇಳೋ ಜೋಡಿ ಸ್ವಲ್ಪ ಎಡ, ತಿರುಗಿ ಹೇಳೋ ಜೋಡಿ ಸ್ವಲ್ಪ ಬಲ. ನೂರಕ್ಕೆ ಮೂವತ್ತು ಸಾಕು, ಪೂರ್ತಿ ತಳ್ಳಿದ್ರೆ ಕಾರಲ್ಲಿ ಡ್ರೈವರಿಗೆ ಒಂದು ಜೋಡಿ ಮಾತ್ರ ಕೇಳುತ್ತೆ.

ಪಾಟ್‌ಕಾರ_ವಿರಾಜಪೇಟೆ:
ಅಣ್ಣಾ ಮೋನೋ ಒತ್ತಿದೆ, ದುಡಿ ನಿಜವಾಗ್ಲೂ ಮಾಯ! ಸರಿಸಿದ ಮೇಲೆ ಕೋಲಿನ ಪೆಟ್ಟು ಟಕ್ ಟಕ್ ಅಂತ ಮುಂದೆ ಬಂತು. ಮತ್ತೆ ರೆಕಾರ್ಡ್ ಮಾಡೋಕೆ ಎಲ್ರೂ ಒಪ್ಪಿದಾರೆ, ತಾತ ಮಾತ್ರ ಗಿಟಾರ್ ತೆಗೆದ್ರೆ ಅಂತ ಕಂಡೀಶನ್ ಹಾಕಿದಾರೆ. ಇನ್ನೊಂದು ಡೌಟು, ಲೌಡ್‌ನೆಸ್ ಎಷ್ಟಿಡ್ಬೇಕು? ಮತ್ತೆ ಹೆಡ್‌ಫೋನಲ್ಲಿ ಸಣ್ಣಗೆ ಗುಯ್ ಅಂತಿದೆ, ಅದೇನು?

ಮಡಿಕೇರಿ_ಮಂಜು:
ಗುಯ್ ಅನ್ನೋದು ಲ್ಯಾಪ್‌ಟಾಪ್ ಚಾರ್ಜರ್‌ದು ಇರ್ಬೇಕು, ಮನೇಲಿ ಅರ್ಥಿಂಗ್ ಸರಿ ಇಲ್ದಿದ್ರೆ 50 ಹರ್ಟ್ಸಿನ ಕರೆಂಟ್ ಸದ್ದು, ಅದರ 100, 150 ಎಲ್ಲಾ ಒಳಗೆ ಬರುತ್ತೆ. ಚಾರ್ಜರ್ ಕಿತ್ತು ಬ್ಯಾಟರೀಲಿ ರೆಕಾರ್ಡ್ ಮಾಡಿ, ನಮ್ಮಲ್ಲಿ ಹೇಗೂ ಕರೆಂಟ್ ನಂಬೋ ಹಾಗಿಲ್ಲ. ರಾತ್ರಿ ಬೇಡ, ಜೀರುಂಡೆ ಸದ್ದು ಕೋಲಿನ ಪೆಟ್ಟು ಇರೋ ಕಡೆನೇ ಬರುತ್ತೆ, ಈಕ್ಯೂನಲ್ಲಿ ಒಂದನ್ನ ತೆಗೆದ್ರೆ ಇನ್ನೊಂದೂ ಹೋಗುತ್ತೆ. 24 ಬಿಟ್‌ನಲ್ಲಿ ಪೀಕ್ ಮೈನಸ್ 12 ಡಿಬಿ ಹತ್ರ ಬರೋ ಹಾಗೆ ಗೇನ್ ಇಡಿ, ಯಾರೋ ಖುಷೀಲಿ ಜೋರಾಗಿ ಬಾರಿಸಿದ್ರೂ ಒಡೆಯಲ್ಲ.

ಲೌಡ್‌ನೆಸ್‌ಗೆ ಯೂಲೀನ್ ಮೀಟರ್ ಫ್ರೀ ಸಿಗುತ್ತೆ. ಯೂಟ್ಯೂಬ್ ಮೈನಸ್ 14 ಲಫ್ಸ್‌ಗಿಂತ (LUFS, ಸದ್ದು ಎಷ್ಟು ಜೋರು ಅನ್ನೋ ಅಳತೆ) ಜೋರಾಗಿರೋದನ್ನ ಇಳಿಸುತ್ತೆ, ಕಮ್ಮಿ ಇರೋದನ್ನ ಏರಿಸಲ್ಲ. ಅದಕ್ಕೆ ಮೈನಸ್ 14ರ ಆಸುಪಾಸು ಇಟ್ಟು ಟ್ರೂ ಪೀಕ್ (ಸದ್ದು ಮುಟ್ಟೋ ಅತಿ ಎತ್ತರ) ಮೈನಸ್ 1 ಡಿಬಿಗೆ ನಿಲ್ಲಿಸಿ. ಗಿಟಾರ್ ವಿಷ್ಯ ತಾತನ ಹತ್ರ ನೀವೇ ನೋಡ್ಕೊಳ್ಳಿ.

ಸೋಮವಾರಪೇಟೆ_ಬಾಸ್:
ತಾತ ಹೇಳಿದ್ದೇ ಸರಿ ಮಾರಾಯ್ರೆ 😀